ವ್ಯಾನ್ ಟಾಪ್ ಮೇಲೆ ಕೂರಿಸುವ ಸ್ಯಾಟಲೈಟ್ ಆಂಟೆನಾ: ಎಷ್ಟು ಚಿಕ್ಕದಾಗಬಹುದು?

ವ್ಯಾನ್‌ಬಾಡಿ ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ನಮ್ಮದು ಬಸ್ಸು, ವ್ಯಾನುಗಳಿಗೆ ಬಾಡಿ ಕಟ್ಟುವ ಶೆಡ್ಡು. ಈಗ ಒಂದು ಟ್ರಸ್ಟಿನವರು ಸಂಚಾರಿ ಕ್ಲಿನಿಕ್ ವ್ಯಾನ್ ಮಾಡಿಸುತ್ತಿದ್ದಾರೆ. ತೀರ್ಥಹಳ್ಳಿ, ಆಗುಂಬೆ, ಹೊಸನಗರದ ಆಚೆ ನಗರ, ಆಮೇಲೆ ಶರಾವತಿ ಹಿನ್ನೀರಿನ ಹೊಸ ಸೇತುವೆ ದಾಟಿ ತುಮರಿ ಕಡೆ ಸುತ್ತಬೇಕು. ಆ ದಾರಿಗಳಲ್ಲಿ ಮೊಬೈಲ್ ಸಿಗ್ನಲ್ ಕಥೆ ಗೊತ್ತೇ ಇದೆಯಲ್ಲ, ಒಂದು ತಿರುವಿನಲ್ಲಿ ನಾಲ್ಕು ಕಡ್ಡಿ, ಮುಂದಿನ ತಿರುವಿನಲ್ಲಿ ಸೊನ್ನೆ. ಅವರಿಗೆ ಬೇಕಿರುವುದು ಇಷ್ಟು: ಇಸಿಜಿ ಮತ್ತು ರಕ್ತಪರೀಕ್ಷೆ ವರದಿ ಶಿವಮೊಗ್ಗದ ಡಾಕ್ಟರಿಗೆ ಹೋಗಬೇಕು, ಬೇಕೆಂದಾಗ ವಿಡಿಯೋ ಕಾಲ್ ಆಗಬೇಕು, ಗಾಡಿ ಎಲ್ಲಿದೆ ಅಂತ ಆಫೀಸಿಗೆ ಗೊತ್ತಾಗುತ್ತಿರಬೇಕು.

"ಟಾಪ್ ಮೇಲೆ ಒಂದು ಸ್ಯಾಟಲೈಟ್ ಆಂಟೆನಾ ಹಾಕಿಬಿಡಿ, ಓಡುವಾಗಲೂ ನೆಟ್ ಬರಲಿ, ಆದರೆ ಎತ್ತರ ನಾಲ್ಕು ಇಂಚು ದಾಟಬಾರದು, ಕೊಂಬೆ ಬಡಿಯುತ್ತೆ" ಅನ್ನುತ್ತಾರೆ. ನನಗೆ ಶೀಟು, ವೆಲ್ಡಿಂಗು, ಫೈಬರ್ ಕೆಲಸ ಗೊತ್ತು. ಇದು ಗೊತ್ತಿಲ್ಲ. ಅದಕ್ಕೇ ಮೂರು ಪ್ರಶ್ನೆ. ಮನೆ ಮೇಲಿನ ಡಿಟಿಎಚ್ ಡಿಶ್ ಎರಡೇ ಅಡಿ ಇರುತ್ತೆ, ಅದನ್ನೇ ಹೇಗಾದರೂ ಮಲಗಿಸಿ ಕೂರಿಸಿದರೆ ಯಾಕಾಗಲ್ಲ? ಸ್ಯಾಟಲೈಟ್ ಫೋನಿನ ಆಂಟೆನಾ ಹೆಬ್ಬೆರಳು ಗಾತ್ರ ಇರುತ್ತಂತೆ, ಹಾಗಿದ್ದರೆ ಇಂಟರ್ನೆಟ್ಟಿಗೆ ಯಾಕೆ ದೊಡ್ಡದು ಬೇಕು? ಕೊನೆಯದು, ನಮ್ಮಕ್ಕನ ಮಗ ಇಂಜಿನಿಯರಿಂಗ್ ಕೊನೇ ವರ್ಷ, "ಮಾಮ, ಪಿಸಿಬಿ ಸರ್ಕ್ಯೂಟ್ ಬೋರ್ಡ್ ಮೇಲೆ ನಾನೇ ಆಂಟೆನಾ ಮಾಡಿಕೊಡ್ತೀನಿ" ಅಂತಿದ್ದಾನೆ. ನಂಬಬಹುದಾ?

ಆರ್‌ಎಫ್ ರಾಗಿಮುದ್ದೆ:

ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ ಸರ್, ಉಳಿದೆರಡರ ಬೇರೂ ಅಲ್ಲೇ ಇದೆ.

ಫೋನಿನ ಆಂಟೆನಾ ಅಷ್ಟು ಚಿಕ್ಕದಿರುವುದು ಅದರಲ್ಲಿ ಹೋಗುವ ಮಾಹಿತಿ ಅಷ್ಟು ಕಮ್ಮಿ ಇರುವುದರಿಂದ. ಮಾತಿಗೆ ಸೆಕೆಂಡಿಗೆ ಕೆಲವೇ ಕಿಲೋಬಿಟ್ ಸಾಕು. ವಿಡಿಯೋಗೆ ಅದರ ನೂರಾರು ಪಟ್ಟು ಬೇಕು. ಭೂಸ್ಥಿರ ಸ್ಯಾಟಲೈಟ್, ಅಂದರೆ ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗೆ ಕಾಣುವಂಥದ್ದು, ಇರುವುದು 35,786 ಕಿ.ಮೀ. ಮೇಲೆ. ಅಲ್ಲಿಂದ ನಮ್ಮ ತನಕ ಇಳಿದು ಬರುವ ಶಕ್ತಿ ತೀರಾ ಸಣ್ಣದು, ಅದರಲ್ಲಿ ಎಷ್ಟು ಹಿಡಿಯಬಹುದು ಅನ್ನುವುದನ್ನು ಆಂಟೆನಾದ ವಿಸ್ತೀರ್ಣವೇ ತೀರ್ಮಾನಿಸುತ್ತದೆ. ಮಳೆ ಬರುವಾಗ ಅಂಗಳದಲ್ಲಿ ಲೋಟ ಇಟ್ಟರೆ ಲೋಟದಷ್ಟು, ಹಂಡೆ ಇಟ್ಟರೆ ಹಂಡೆಯಷ್ಟು. ಲೋಟಕ್ಕೆ ಎಂಥ ಚಿಪ್ ಹಾಕಿದರೂ ಅದು ಹಂಡೆ ಆಗಲ್ಲ.

ಇಷ್ಟೇ ಆಗಿದ್ದರೆ ನಿಧಾನ ನೆಟ್ಟಿಗೆ ಒಗ್ಗಿಕೊಂಡು ಸುಮ್ನಿರಬಹುದಿತ್ತು. ನಿಜವಾದ ತಲೆನೋವು ಕಳಿಸುವಾಗ ಬರುತ್ತದೆ. ಡಿಟಿಎಚ್ ಡಿಶ್ ಬರೀ ಕೇಳಿಸಿಕೊಳ್ಳುತ್ತದೆ. ನಿಮ್ಮದು ಮಾತಾಡಬೇಕು. ಕೆಯು ಬ್ಯಾಂಡ್ ಅನ್ನುವ ತರಂಗಪಟ್ಟಿಯಲ್ಲಿ ಮೇಲಕ್ಕೆ ಕಳಿಸುವುದು 14 ಗಿಗಾಹರ್ಟ್ಸ್ ಆಸುಪಾಸು, ತರಂಗದ ಉದ್ದ ಎರಡು ಸೆಂಟಿಮೀಟರಿಗಿಂತ ಒಂಚೂರು ಜಾಸ್ತಿ. 45 ಸೆಂ.ಮೀ. ಆಂಟೆನಾದಿಂದ ಹೊರಡುವ ಕಿರಣ ಆಗ ಸುಮಾರು 3.3 ಡಿಗ್ರಿ ಅಗಲ ಇರುತ್ತದೆ. ಆದರೆ ಭೂಸ್ಥಿರ ಕಕ್ಷೆಯಲ್ಲಿ ಸ್ಯಾಟಲೈಟುಗಳು ಎಷ್ಟೋ ಕಡೆ ಎರಡೇ ಡಿಗ್ರಿ ಅಂತರದಲ್ಲಿ ಕೂತಿವೆ. ಅಂದರೆ ಆಂಟೆನಾ ಚಿಕ್ಕದಾದಷ್ಟೂ ನಿಮ್ಮ ಸದ್ದು ಪಕ್ಕದ ಸ್ಯಾಟಲೈಟಿಗೂ ಕೇಳಿಸುತ್ತದೆ. ಅವರು ಸುಮ್ಮನಿರುತ್ತಾರಾ? ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ ವಾಹನದ ಆಂಟೆನಾಗಳಿಗೆ 2009ರಲ್ಲಿ ಮಾಡಿದ್ದ ನಿಯಮ ನೋಡಿ: ಗುರಿ 0.2 ಡಿಗ್ರಿಯೊಳಗೆ ಇರಬೇಕಿತ್ತು, 0.5 ಡಿಗ್ರಿ ದಾಟಿದರೆ 100 ಮಿಲಿಸೆಕೆಂಡಿನೊಳಗೆ ಕಳಿಸುವುದನ್ನು ನಿಲ್ಲಿಸಬೇಕಿತ್ತು. ಇಲ್ಲದಿದ್ದರೆ ನಿಮ್ಮ ಶಕ್ತಿಯನ್ನು ಅಗಲವಾದ ಪಟ್ಟಿಯಲ್ಲಿ ತೆಳ್ಳಗೆ ಹರಡಿ, ಪಕ್ಕದವರಿಗೆ ಗೊತ್ತೇ ಆಗದಷ್ಟು ಮೆಲ್ಲಗೆ ಮಾತಾಡಬೇಕು. ಆಗ ವೇಗ ಬೀಳುತ್ತದೆ.

ಈಗ ಆಗುಂಬೆ ಘಾಟಿಯ ಹೇರ್‌ಪಿನ್ ತಿರುವು ಯೋಚಿಸಿ. ಗಾಡಿ ಪೂರ್ತಿ ಉಲ್ಟಾ ತಿರುಗುತ್ತದೆ, ಜೊತೆಗೆ ವಾಲುತ್ತದೆ, ನಡುವೆ ಒಂದು ಗುಂಡಿ. ಅಷ್ಟರಲ್ಲೂ ಕಿರಣ ಕದಲಬಾರದು. ಇನ್ನೊಂದು ವಿಷಯ ಬಹಳ ಜನಕ್ಕೆ ಹೊಳೆಯಲ್ಲ. ನಮ್ಮ ಕೆಯು ಬ್ಯಾಂಡಿನ ಭೂಸ್ಥಿರ ಸೇವೆಗಳಲ್ಲಿ ಅಲೆ ಅಡ್ಡವಾಗಿಯೋ ಉದ್ದವಾಗಿಯೋ ಕಂಪಿಸುತ್ತದೆ. ಗಾಡಿ ತಿರುಗಿದಾಗ ಆಂಟೆನಾದ ದಿಕ್ಕಿನ ಜೊತೆ ಈ ಕಂಪನದ ಕೋನವನ್ನೂ ತಿರುಗಿಸಿಕೊಳ್ಳುತ್ತಿರಬೇಕು. ಡಿಟಿಎಚ್ ಹುಡುಗ ಡಿಶ್ ಮುಂದಿನ ಪುಟ್ಟ ಡಬ್ಬಿ, ಎಲ್‌ಎನ್‌ಬಿಯನ್ನು ಹಿಡಿದು ಸ್ವಲ್ಪ ತಿರುಚುತ್ತಾನಲ್ಲ, ಅದೇ ಕೆಲಸ. ಅವನು ಒಮ್ಮೆ ತಿರುಚಿ ಸ್ಕ್ರೂ ಬಿಗಿದು ಹೋಗುತ್ತಾನೆ. ಇಲ್ಲಿ ಪ್ರತಿ ತಿರುವಿಗೂ ಅದು ಆಗಬೇಕು. ಅದಕ್ಕೇ ಡಿಶ್ ಮಲಗಿಸಿ ಕೂರಿಸುವುದು ಆಗಲ್ಲ.

ನಾಲ್ಕು ಇಂಚಿನ ಎತ್ತರಕ್ಕೆ ದಾರಿಗಳಿವೆ. ಚಪ್ಪಟೆ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು ತಿರುಗಿಸಿ ಕಿರಣ ವಾಲಿಸುವ ಬಗೆಯವು ವಿಮಾನಗಳ ಬೆನ್ನ ಮೇಲೆ ಈಗಾಗಲೇ ಇವೆ. ವಾಷಿಂಗ್ಟನ್ ರಾಜ್ಯದ ಕೈಮೆಟಾ ಕಂಪನಿ ಟಿವಿ ಪರದೆಯ ಥರ ಗಾಜಿನ ನಡುವೆ ಲಿಕ್ವಿಡ್ ಕ್ರಿಸ್ಟಲ್ ತುಂಬಿ ಆಂಟೆನಾ ಮಾಡಿತು. 2016ರ ಜನವರಿಯಲ್ಲಿ ಡೆಟ್ರಾಯಿಟ್ ಆಟೋ ಶೋನಲ್ಲಿ ಟೊಯೋಟಾ ತನ್ನ ಮಿರಾಯ್ ಕಾರಿನಲ್ಲಿ ಅದನ್ನು ಕೂರಿಸಿ ತೋರಿಸಿತ್ತು. ಮೂರನೆಯದು ಫೇಸ್ಡ್ ಅರೇ. ಸಾವಿರಾರು ಪುಟ್ಟ ತುಂಡುಗಳು, ಪ್ರತಿಯೊಂದಕ್ಕೂ ಅಲೆಯನ್ನು ಚೂರು ಮುಂದೆ ಹಿಂದೆ ಮಾಡುವ ಚಿಪ್ಪು. ಏನೂ ಅಲುಗಾಡಲ್ಲ, ಕಿರಣ ಮಾತ್ರ ತಿರುಗುತ್ತದೆ. ತುಂಡುಗಳ ನಡುವೆ ಸುಮಾರು ಅರ್ಧ ತರಂಗದಷ್ಟು ಅಂತರ ಬೇಕು. 40 ಸೆಂ.ಮೀ. ಚೌಕಕ್ಕೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 1,500 ತುಂಡು. ದುಡ್ಡು, ಬಿಸಿ ಎರಡೂ ಅಲ್ಲಿಂದಲೇ ಬರೋದು.

ಒಂದು ಒಳ್ಳೆ ಸುದ್ದಿಯೂ ಇದೆ. ಚಪ್ಪಟೆ ಆಂಟೆನಾದ ದೊಡ್ಡ ದೋಷ ಅಂದರೆ ಪಕ್ಕಕ್ಕೆ ನೋಡಿದಷ್ಟೂ ಕುರುಡಾಗುವುದು. ನೆತ್ತಿಯಿಂದ 60 ಡಿಗ್ರಿ ವಾಲಿ ನೋಡಿದರೆ ಅದರ ವಿಸ್ತೀರ್ಣ ಅರ್ಧಕ್ಕೆ ಇಳಿದ ಹಾಗೆ. ಲಂಡನ್ನಿನಲ್ಲಿ ನೇರ ದಕ್ಷಿಣಕ್ಕಿರುವ ಭೂಸ್ಥಿರ ಸ್ಯಾಟಲೈಟೂ ದಿಗಂತದಿಂದ 31 ಡಿಗ್ರಿ ಎತ್ತರದಲ್ಲಿ ಮಾತ್ರ ಕಾಣುತ್ತದೆ, ಅಲ್ಲಿಯವರಿಗೆ ಈ ಗೋಳು ತಪ್ಪಿದ್ದಲ್ಲ. ಶಿವಮೊಗ್ಗದಿಂದ 83 ಡಿಗ್ರಿ ಪೂರ್ವ ರೇಖಾಂಶದ ಸ್ಯಾಟಲೈಟ್ ಸುಮಾರು 71 ಡಿಗ್ರಿ ಎತ್ತರ, ಹೆಚ್ಚು ಕಮ್ಮಿ ನೆತ್ತಿ ಮೇಲೇ. ಘಾಟಿ ಇಳಿಜಾರಿಗೆ 10 ಡಿಗ್ರಿ ಸೇರಿಸಿಕೊಂಡರೂ ಕಿರಣ 30 ಡಿಗ್ರಿಯೊಳಗೆ ವಾಲಿದರೆ ಸಾಕು. ಹಾಗಿದ್ದರೆ ತುಂಡುಗಳನ್ನು ದೂರ ದೂರ ಇಡಬಹುದು, ಮೂರನೇ ಒಂದು ಭಾಗದಷ್ಟಾದರೂ ತುಂಡು ಕಮ್ಮಿ ಸಾಕಾಗುತ್ತದೆ. ದಕ್ಷಿಣ ಭಾರತಕ್ಕೆ ಅಂತಲೇ ಯಾರಾದರೂ ವಾಹನದ ಆಂಟೆನಾ ವಿನ್ಯಾಸ ಮಾಡಿದರೆ ಅದು ಯುರೋಪಿನದಕ್ಕಿಂತ ಅಗ್ಗವಾಗಬೇಕು ಅನ್ನೋದು ನನ್ನ ಬಹಳ ದಿನದ ವಾದ. ಆಫೀಸಲ್ಲಿ ಯಾರೂ ಕೇಳಲ್ಲ, ಅದು ಬೇರೆ ಮಾತು.

ಮಲ್ಪೆ ಬಂದರು:

ನೀವೆಲ್ಲ ಇಂಟರ್ನೆಟ್ ಇಂಟರ್ನೆಟ್ ಅಂತೀರಿ ಮಾರಾಯ್ರೆ. ಅವರು ಕೇಳಿದ್ದರಲ್ಲಿ "ಗಾಡಿ ಎಲ್ಲಿದೆ" ಅನ್ನೋದೂ ಉಂಟಲ್ಲ, ಅದಕ್ಕೆ ಇಷ್ಟೆಲ್ಲ ಬೇಡ.

2018ರ ಡಿಸೆಂಬರಿನಲ್ಲಿ ನಮ್ಮ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು ಏಳು ಜನರ ಸಮೇತ ಕಾಣೆಯಾಯಿತು. ಅದರ ಅವಶೇಷ ಮಾಲ್ವಣದ ಹತ್ತಿರ ಸಿಕ್ಕಿದ್ದು ಮುಂದಿನ ವರ್ಷದ ಮೇ ತಿಂಗಳಲ್ಲಿ. ದಡದಿಂದ ಸ್ವಲ್ಪ ದೂರ ಹೋದರೆ ಮೊಬೈಲೂ ಇಲ್ಲ, ವಿಎಚ್‌ಎಫ್ ರೇಡಿಯೋನೂ ಒಂದು ದೂರದ ತನಕ ಅಷ್ಟೆ. ಈಗ ಬೋಟುಗಳಿಗೆ ಟ್ರಾನ್ಸ್‌ಪಾಂಡರ್, ಅಂದರೆ ಸ್ಯಾಟಲೈಟ್ ಮೂಲಕ ಸಂದೇಶ ಕಳಿಸುವ ಪೆಟ್ಟಿಗೆ, ಕೊಡುವ ಸರ್ಕಾರಿ ಯೋಜನೆ ಉಂಟು, ಇಸ್ರೋದ ಅಹಮದಾಬಾದ್ ಕೇಂದ್ರ ಮಾಡಿದ ನಭಮಿತ್ರ ಅದೇ ಜಾತಿಯದು. ಬೋಟು ಎಷ್ಟು ಹೊಯ್ದಾಡಿದರೂ ಅದಕ್ಕೆ ಗುರಿ ಹಿಡಿಯುವ ಕೆಲಸ ಇಲ್ಲ. ತಿರುಗುವ ಮೋಟಾರೂ ಇಲ್ಲ. ಎಸ್ ಬ್ಯಾಂಡ್ ಅಂತ, ಕೆಯುಗಿಂತ ಉದ್ದ ಅಲೆಯ ಪಟ್ಟಿಯಲ್ಲಿ, ಸಣ್ಣ ಸಣ್ಣ ಸಂದೇಶ ಹೋಗ್ತದೆ, ಬರ್ತದೆ. ಇಲ್ಲಿದ್ದೇನೆ, ತೊಂದರೆಯಲ್ಲಿದ್ದೇನೆ, ಗಾಳಿ ಜೋರುಂಟು ವಾಪಸ್ ಬಾ, ಇಷ್ಟು.

ರೈಲಿನಲ್ಲೂ ಇದೇ ಉಂಟು. ಇಂಜಿನ್ನಿನ ಮೇಲೆ ಆರ್‌ಟಿಐಎಸ್ ಅಂತ ಒಂದು ಪೆಟ್ಟಿಗೆ, 30 ಸೆಕೆಂಡಿಗೊಮ್ಮೆ ರೈಲು ಎಲ್ಲಿದೆ, ಎಷ್ಟು ವೇಗ ಅಂತ ತಾನೇ ತಿಳಿಸ್ತದೆ. ನಿಮ್ಮ ವ್ಯಾನಿಗೆ ಜಾಗ ತೋರಿಸಲಿಕ್ಕೆ ಇಂಥದ್ದೇ ಸಾಕು.

ಆದರೆ ನಮಗೆ ಸಮುದ್ರದಲ್ಲಿ ಮೇಲೆ ಬರೀ ಆಕಾಶ. ನಿಮ್ಮ ಆಗುಂಬೆಯಲ್ಲಿ ಮೇಲೆ ಕಾಡು. ಅದನ್ನು ಯಾರಾದರೂ ಹೇಳಿ.

ಹಳೇ ರೇಡಿಯೋ:

ಮಲ್ಪೆಯವರು ಹೇಳಿದ ಎಸ್ ಬ್ಯಾಂಡ್ ವಿಷಯಕ್ಕೆ ಒಂದು ಸೇರಿಸುತ್ತೇನೆ. ಕೆಳಗೆ ಆಂಟೆನಾ ಚಿಕ್ಕದಾಗಬೇಕಾದರೆ ಮೇಲಿನದು ದೊಡ್ಡದಾಗಬೇಕು. ಇದು ಹೊಸ ಕಥೆಯೇನಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಸೈಟ್ ಪ್ರಯೋಗ ನಡೆಯಿತು, ದೇಶದ 2,400 ಹಳ್ಳಿಗಳಿಗೆ ಸ್ಯಾಟಲೈಟಿನಿಂದ ನೇರ ಟಿವಿ. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಕಡೆಯ ಹಳ್ಳಿಗಳೂ ಅದರಲ್ಲಿದ್ದವು. ಅಲ್ಲಿ ಪಂಚಾಯ್ತಿ ಕಟ್ಟಡದ ಹತ್ತಿರ ನಿಂತಿದ್ದದ್ದು ಕೋಳಿ ಗೂಡಿನ ಜಾಲರಿಯಿಂದ ಮಾಡಿದ ಹತ್ತಡಿ ಆಂಟೆನಾ. ಅಷ್ಟು ಒರಟು ಜಾಲರಿ ಸಾಕಾಗಿದ್ದು ಮೇಲೆ ನಾಸಾದ ಎಟಿಎಸ್-6 ಸ್ಯಾಟಲೈಟ್ 30 ಅಡಿ ಅಗಲದ ಛತ್ರಿ ಬಿಚ್ಚಿಕೊಂಡು ಕೂತಿದ್ದರಿಂದ.

ಇಸ್ರೋ 2015ರ ಆಗಸ್ಟಿನಲ್ಲಿ ಹಾರಿಸಿದ ಜಿಸ್ಯಾಟ್-6ಗೂ ಅದೇ ಲೆಕ್ಕ. ಅದಕ್ಕೆ 6 ಮೀಟರ್ ಅಗಲದ ಮಡಚುವ ಆಂಟೆನಾ ಇದೆ, ಕೈಯಲ್ಲಿ ಹಿಡಿಯುವಂಥ ಯಂತ್ರಗಳೂ ಕೇಳಿಸಲಿ ಅಂತಲೇ. ಜೋಡಿಯಾಗಿ 2018ರ ಮಾರ್ಚಿನಲ್ಲಿ ಹೋದ ಜಿಸ್ಯಾಟ್-6ಎ ಮಾತ್ರ ಕೆಲವೇ ದಿನಗಳಲ್ಲಿ ಸಂಪರ್ಕ ಕಡಿದುಕೊಂಡಿತು, ಪಾಪ. ಅಮೆರಿಕದ ಎಎಸ್‌ಟಿ ಸ್ಪೇಸ್‌ಮೊಬೈಲ್ ಕಂಪನಿ 2022ರಲ್ಲಿ ಕಳಿಸಿದ ಬ್ಲೂವಾಕರ್-3ರ ಆಂಟೆನಾ 64 ಚದರ ಮೀಟರ್. ಮಾಮೂಲಿ ಮೊಬೈಲ್ ಫೋನ್ ಜೊತೆ ನೇರ ಮಾತಾಡೋಕೆ ಅಷ್ಟು ಬೇಕಾಯಿತು.

ಹಾಗಾಗಿ ನನ್ನ ಸಲಹೆ: ಟಾಪ್ ಮೇಲೆ ಏನೂ ಬೇಡ. ಫೋನೇ ಸ್ಯಾಟಲೈಟ್ ಜೊತೆ ಮಾತಾಡುವ ಕಾಲ ಬರುತ್ತಿದೆ, ಅಲ್ಲಿಯ ತನಕ ಕಾಯಲಿ.

ಆರ್‌ಎಫ್ ರಾಗಿಮುದ್ದೆ:

ಹಳೇ ರೇಡಿಯೋ ಸರ್, ಸೈಟ್ ವಿಷಯ ಚೆನ್ನಾಗಿ ನೆನಪಿಸಿದಿರಿ. ಕಾಯಲಿ ಅನ್ನೋದನ್ನು ಮಾತ್ರ ಒಪ್ಪಲ್ಲ. ಫೋನಿಗೆ ನೇರ ಬರುವ ಸ್ಯಾಟಲೈಟ್ ಸೇವೆಯಲ್ಲಿ ಒಂದು ಕಿರಣ ಬಹಳ ದೊಡ್ಡ ಊರುಗಳ ಗುಂಪಿಗೆ ಹಂಚಿಹೋಗುತ್ತದೆ. ಮೆಸೇಜಿಗೆ, ತುರ್ತು ಕರೆಗೆ ಅದು ವರ. ಡಾಕ್ಟರ ವಿಡಿಯೋ ಕಾಲಿಗೆ ಅದನ್ನು ನಂಬಿ ಕೂತರೆ ಆಗಲ್ಲ. ಪೇಷಂಟು ಕಾಯಲ್ಲ ಅಲ್ವಾ?

ಕಾಡಿನ ಮಾತು: ಹೌದು, ಇದೇ ದೊಡ್ಡ ಅಡ್ಡಿ. ಕೆಯು ಬ್ಯಾಂಡಿಗೆ ಒದ್ದೆ ಎಲೆ ಅಂದರೆ ಗೋಡೆ ಇದ್ದ ಹಾಗೇ. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಯಲ್ಲಿ ಮಳೆಯೂ ಸಿಗ್ನಲ್ ನುಂಗುತ್ತದೆ, ಜೊತೆಗೆ ಚಪ್ಪಟೆ ಆಂಟೆನಾ ಮೇಲೆ ನೀರು ಪದರವಾಗಿ ನಿಂತರೆ ಅದೂ ನುಂಗುತ್ತದೆ. ಎಸ್ ಬ್ಯಾಂಡು ಮಳೆಗೆ ಅಷ್ಟಾಗಿ ಕೇರ್ ಮಾಡಲ್ಲ. ಎಲೆಗಳ ನಡುವೆಯೂ ಒಂದಿಷ್ಟು ತೂರುತ್ತದೆ, ಒಂದು ಸಂದೇಶ ತಪ್ಪಿದರೆ ಮುಂದಿನ ತಿರುವಿನಲ್ಲಿ ಮತ್ತೆ ಹೋಗುತ್ತದೆ.

ಟೆಕ್ಸಾಸ್ ಟ್ರಕ್ ಕನ್ನಡಿಗ:

ನಾನು ಇಲ್ಲಿ ಡಲ್ಲಾಸ್ ಕಡೆ ಟ್ರಕ್ ಓಡಿಸುತ್ತೇನೆ. ಕ್ಯಾಬಿನ್ ಮೇಲೆ ಸ್ಟಾರ್‌ಲಿಂಕ್ ಮಿನಿ ಅನ್ನುವ ಸ್ಯಾಟಲೈಟ್ ಇಂಟರ್ನೆಟ್ ಆಂಟೆನಾ ಇದೆ. ಅಳತೆ ಸುಮಾರು 30 ಸೆಂ.ಮೀ.ಗೆ 26 ಸೆಂ.ಮೀ., ಒಂದು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ ತೂಕ. ಲ್ಯಾಪ್‌ಟಾಪ್ ಮಲಗಿಸಿದ ಹಾಗೆ ಕಾಣುತ್ತದೆ. ಅದರ ಸ್ಯಾಟಲೈಟುಗಳು ಬರೀ 500 ಕಿ.ಮೀ. ಆಸುಪಾಸಿನ ಎತ್ತರದಲ್ಲಿವೆ, ಅದಕ್ಕೇ ಇಷ್ಟು ಚಿಕ್ಕದು ಸಾಕಾಗಿದೆ. ಆದರೆ ಅವು ನಿಲ್ಲಲ್ಲ, ಕೆಲವೇ ನಿಮಿಷದಲ್ಲಿ ದಾಟಿಹೋಗುತ್ತವೆ. ಹಾಗಾಗಿ ಇದು 15 ಸೆಕೆಂಡಿಗೊಮ್ಮೆ ಯಾವ ಸ್ಯಾಟಲೈಟ್ ಹಿಡಿಯಬೇಕು ಅಂತ ಬದಲಾಯಿಸಿಕೊಳ್ಳುತ್ತಿರುತ್ತದೆ. ಕಿರಣವನ್ನು ಎಲೆಕ್ಟ್ರಾನಿಕ್ ಆಗಿ ತಿರುಗಿಸದೆ ಬೇರೆ ದಾರಿಯೇ ಇಲ್ಲ. ಒಂದು ಮಾತು ನೆನಪಿಡಿ, ಆರ್‌ಎಫ್‌ನವರು ಹೇಳಿದ ನೆತ್ತಿ ಮೇಲಿನ ಸೌಕರ್ಯ ಇಲ್ಲಿ ನಡೆಯಲ್ಲ. ಇದಕ್ಕೆ ಆಕಾಶದ ದೊಡ್ಡ ಭಾಗ ಖಾಲಿ ಕಾಣಬೇಕು.

ಬಯಲು ಸೀಮೆಯಲ್ಲಿ, ಪಶ್ಚಿಮ ಟೆಕ್ಸಾಸಿನಲ್ಲಿ, ಓಡುತ್ತಿರುವಾಗಲೇ ಅಮ್ಮನಿಗೆ ವಿಡಿಯೋ ಕಾಲ್ ಮಾಡುತ್ತೇನೆ, ಒಂದು ತೊದಲೂ ಇಲ್ಲ. (ಹ್ಯಾಂಡ್ಸ್‌ಫ್ರೀ, ಬೈಬೇಡಿ.) ಟೆನೆಸ್ಸಿಯ ಗುಡ್ಡದ ರಸ್ತೆಗಳಿಗೆ ಹೋದರೆ, ಎರಡೂ ಕಡೆ ಮರ ತಬ್ಬಿಕೊಂಡಿರುವ ಕಡೆ, ಹತ್ತು ಸೆಕೆಂಡ್ ಬರುತ್ತೆ, ಇಪ್ಪತ್ತು ಸೆಕೆಂಡ್ ಇಲ್ಲ. ವಾಟ್ಸಾಪ್ ಮೆಸೇಜ್ ಹೇಗೋ ದಾಟುತ್ತೆ. ಕಾಲ್ ಕಟ್ಟಾಗುತ್ತೆ. ಶರಾವತಿ ಕಡೆ ಇನ್ನೇನಾಗುತ್ತೋ ಊಹಿಸಿಕೊಳ್ಳಿ.

ಇನ್ನೊಂದು, ಇಲ್ಲಿಂದ ಯಾರಾದರೂ ಕಿಟ್ ತಂದುಕೊಡ್ತೀನಿ ಅಂದರೆ ಬೇಡ ಅನ್ನಿ. ಭಾರತದಲ್ಲಿ ಅನುಮತಿ ಇಲ್ಲದ ಸ್ಯಾಟಲೈಟ್ ಫೋನ್ ಜೇಬಲ್ಲಿದ್ದರೂ ಏರ್‌ಪೋರ್ಟಿನಲ್ಲೇ ಕೇಸಾಗುತ್ತದೆ. ಸ್ಟಾರ್‌ಲಿಂಕಿಗೆ 2025ರ ಜೂನಿನಲ್ಲಿ ಟೆಲಿಕಾಂ ಇಲಾಖೆಯ ಪರವಾನಗಿ ಸಿಕ್ಕಿದೆ, ಒನ್‌ವೆಬ್ ಮತ್ತು ಜಿಯೋದವರಿಗೆ ಅದಕ್ಕಿಂತ ಮೊದಲೇ ಸಿಕ್ಕಿತ್ತು. ಆದರೆ ಪರವಾನಗಿ ಕಂಪನಿಗೆ, ಸಿಕ್ಕ ಸಿಕ್ಕ ಕಿಟ್ಟಿಗಲ್ಲ. ಅಂಥ ಸೇವೆ ಕೊಡುವವರ ಮೂಲಕವೇ ತಗೊಳ್ಳಿ. ಓಡುವ ಗಾಡಿಯಲ್ಲಿ ಬಳಸಬಹುದಾ ಅನ್ನೋದನ್ನು ಬರಹದಲ್ಲಿ ಕೇಳಿ, ಯಾಕಂದರೆ ನಿಂತಲ್ಲಿಗೆ ಕೊಡುವ ಅನುಮತಿ ಬೇರೆ, ಓಡುವುದಕ್ಕೆ ಬೇರೆ.

ವ್ಯಾನ್‌ಬಾಡಿ ಶಿವಮೊಗ್ಗ:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಅರ್ಧ ಅರ್ಥ ಆಯಿತು, ಅರ್ಧ ಭಯ ಆಯಿತು. ಹಾಗಾದರೆ ಆ ಕಾಡಲ್ಲಿ ಓಡುವಾಗ ನೆಟ್ ಬರಲ್ಲ ಅಂತ ಟ್ರಸ್ಟಿನವರಿಗೆ ಹೇಳಿಬಿಡಲಾ? ಅಕ್ಕನ ಮಗನ ವಿಷಯ ಯಾರೂ ಹೇಳಲಿಲ್ಲ. ಇನ್ನೊಂದು, ಏನೇ ಕೂರಿಸಿದರೂ ಮೇಲೆ ನಮ್ಮ ಮೂರು ಎಂಎಂ ಫೈಬರ್ ಶೀಟಿನ ಕವರ್ ಹಾಕಿಕೊಡೋಣ ಅಂತಿದ್ದೆ, ನೀರು ಹರಿದು ಹೋಗುವ ಹಾಗೆ ಉಬ್ಬು ಕೊಟ್ಟು. ಅದು ಸರಿಯಾ?

ಆರ್‌ಎಫ್ ರಾಗಿಮುದ್ದೆ:

ಮೊದಲು ನಾನೊಂದು ಕೇಳುತ್ತೇನೆ. ಇಸಿಜಿ ತೆಗೆಯುವಾಗ ಗಾಡಿ ನಿಂತಿರುತ್ತೆ ಅಲ್ವಾ? ಡಾಕ್ಟರ್ ಪೇಷಂಟ್ ಜೊತೆ ಮಾತಾಡುವಾಗಲೂ ನಿಂತಿರುತ್ತೆ. ಮತ್ತೆ ಓಡುವಾಗ ಇಂಟರ್ನೆಟ್ ಯಾರಿಗೆ ಬೇಕು, ಡ್ರೈವರಿಗಾ?

ಓಡುವಾಗ ಅನ್ನೋ ಷರತ್ತು ತೆಗೆದುಹಾಕಿದರೆ ನಿಮ್ಮ ನಾಲ್ಕು ಇಂಚು, ಕೊಂಬೆ, ಗುರಿ ಹಿಡಿಯೋದು ಎಲ್ಲಾ ಒಟ್ಟಿಗೆ ಹೋಗುತ್ತದೆ. ಗಾಡಿ ಮರದ ಕೆಳಗೆ ನೆರಳಲ್ಲಿ ನಿಲ್ಲಲಿ. ಆಂಟೆನಾ ಒಂದು ಸ್ಟ್ಯಾಂಡಿನಲ್ಲಿ ಬಿಚ್ಚಿ ಶಾಲೆ ಮೈದಾನಕ್ಕೋ ಗದ್ದೆ ಬದುವಿಗೋ ತಂದಿಡಿ, ನಡುವೆ ಕೇಬಲ್. ಟಾಪ್ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಆಂಟೆನಾಕ್ಕೆ ಈ ಅನುಕೂಲ ಯಾವತ್ತೂ ಸಿಗಲ್ಲ, ಗಾಡಿ ನಿಂತ ಕಡೆಯೇ ಅದೂ ನಿಲ್ಲಬೇಕು. ಜಾಗ ತೋರಿಸೋಕೆ ಮಲ್ಪೆಯವರು ಹೇಳಿದಂಥ ಸಣ್ಣ ಪೆಟ್ಟಿಗೆ ಟಾಪ್ ಮೇಲೆ ಇರಲಿ.

ಇಸಿಜಿಗಂತೂ ಸ್ಯಾಟಲೈಟೇ ಬೇಕಿಲ್ಲ. ಲೆಕ್ಕ ನೋಡಿ: 12 ಲೀಡ್, ಸೆಕೆಂಡಿಗೆ 500 ಅಳತೆ, ಒಂದು ಅಳತೆಗೆ 2 ಬೈಟ್, 10 ಸೆಕೆಂಡ್. ಒಟ್ಟು 120 ಕಿಲೋಬೈಟ್. ಒಂದು ಗುಡ್ ಮಾರ್ನಿಂಗ್ ಫೋಟೋದಷ್ಟೂ ಇಲ್ಲ. ನಾಲ್ಕು ಕಡ್ಡಿ ಬರುವ ಆ ತಿರುವಿನಲ್ಲಿ ಗಾಡಿ ದಾಟುವಷ್ಟರಲ್ಲಿ ಹೋಗಿರುತ್ತದೆ. ಸಿಗ್ನಲ್ ಸಿಗುವ ತನಕ ಇಟ್ಟುಕೊಂಡಿದ್ದು ಸಿಕ್ಕ ಕೂಡಲೇ ಕಳಿಸುವ ಆಪ್ ಮತ್ತು ಎರಡು ಸಿಮ್ಮಿನ ರೌಟರ್ ಇದ್ದರೆ ಸಾಕು. ಎದೆನೋವಿನ ಪೇಷಂಟ್ ಬಂದರೆ ಮಾತ್ರ ಕಾಯೋ ಹಾಗಿಲ್ಲ, ಆಗ ಸ್ಟ್ಯಾಂಡ್ ಇಳಿಸಿ.

ಅಕ್ಕನ ಮಗನಿಗೆ ಬೇಸರ ಮಾಡಬೇಡಿ, ಕೆಲಸ ಬದಲಾಯಿಸಿ ಕೊಡಿ. ಪೇಟೆಯಲ್ಲಿ ಸಿಗುವ ಹಸಿರು ಎಫ್‌ಆರ್-4 ಬೋರ್ಡಿನಲ್ಲಿ 12 ಗಿಗಾಹರ್ಟ್ಸ್ ಸಿಗ್ನಲ್ ಪ್ರತಿ ಸೆಂಟಿಮೀಟರಿಗೆ ಸುಮಾರು 0.4 ಡೆಸಿಬೆಲ್ ಕಳೆದುಕೊಳ್ಳುತ್ತದೆ. ದೊಡ್ಡ ಪ್ಯಾನೆಲಿನಲ್ಲಿ ಅಂಚಿನಿಂದ ನಡುವಿಗೆ ಬರೋಕೆ 20 ಸೆಂ.ಮೀ. ದಾರಿ ಅಂದುಕೊಳ್ಳಿ, 8 ಡೆಸಿಬೆಲ್ ಹೋಯಿತು, ಹಿಡಿದಿದ್ದರಲ್ಲಿ ಆರನೇ ಒಂದು ಪಾಲು ಉಳಿಯಿತು. ಕೆಯು ಬ್ಯಾಂಡಿಗೆ ಬೇರೆ ದುಬಾರಿ ಬೋರ್ಡ್ ಬೇಕು, ಆಮೇಲೆ ಅಳೆಯೋಕೆ ಲ್ಯಾಬ್ ಬೇಕು. ಅದರ ಬದಲು ಜಿಪಿಎಸ್ ಥರ ಜಾಗ ತೋರಿಸುವ ನಮ್ಮ ನಾವಿಕ್ ಸ್ಯಾಟಲೈಟುಗಳ 1176.45 ಮೆಗಾಹರ್ಟ್ಸ್ ಸಿಗ್ನಲ್ ಹಿಡಿಯುವ ಪ್ಯಾಚ್ ಆಂಟೆನಾ, ಅಂದರೆ ಬೋರ್ಡಿನ ಮೇಲೆ ಚಪ್ಪಟೆ ತಾಮ್ರದ ಚೌಕ, ಮಾಡಲಿ. ಅದೇ ಎಫ್‌ಆರ್-4 ಮೇಲೆ ಸುಮಾರು 6 ಸೆಂ.ಮೀ. ಚೌಕ ಬರುತ್ತದೆ. ಬರೀ ಕೇಳುವ ಆಂಟೆನಾ ಆದ್ದರಿಂದ ಕಳಿಸುವ ಲೈಸೆನ್ಸಿನ ಗಲಾಟೆ ಇಲ್ಲ. ನಿಮ್ಮ ವ್ಯಾನಿನ ಟಾಪ್ ಶೀಟ್ ಮೇಲೇ ಇಟ್ಟು, ಅಂಚಿಗೆ ಸರಿಸಿ, ನಡುವೆ ಸರಿಸಿ ಏನಾಗುತ್ತೆ ನೋಡಲಿ, ಒಳ್ಳೇ ಪ್ರಾಜೆಕ್ಟು.

ಫೈಬರ್ ಕವರ್ ದಯವಿಟ್ಟು ಬೇಡ! ಮೂರು ಎಂಎಂ ಅಂದರೆ ಕೆಯು ಬ್ಯಾಂಡಿಗೆ ಇರೋದರಲ್ಲೇ ಕೆಟ್ಟ ದಪ್ಪ. ಫೈಬರಿನ ಒಳಗೆ ಅಲೆ ಕುಗ್ಗುತ್ತದೆ, ಆ ಕುಗ್ಗಿದ ಅಲೆಯ ಕಾಲು ಭಾಗಕ್ಕೆ ನಿಮ್ಮ ಶೀಟಿನ ದಪ್ಪ ಸರಿಯಾಗಿ ಕೂರುತ್ತದೆ, ಶಕ್ತಿಯ ಮೂರನೇ ಒಂದು ಭಾಗ ತಿರುಗಿ ಹಿಂದಕ್ಕೆ ಹೊಡೆಯುತ್ತದೆ. ಹೋಗುವಾಗ, ಬರುವಾಗ ಎರಡೂ ಕಡೆ. ಕಂಪನಿಯವರು ಕೊಟ್ಟ ಕವರನ್ನೇ ಬಿಡಿ, ಅದರ ಮೇಲೆ ಮೆಟಾಲಿಕ್ ಪೇಂಟ್ ಹೊಡೆಯಬೇಡಿ, ಟ್ರಸ್ಟಿನ ಸ್ಟಿಕ್ಕರ್ ಅಂಟಿಸಬೇಡಿ. ಜಾಗ ತೋರಿಸುವ ಪೆಟ್ಟಿಗೆಗೆ ಮಾತ್ರ ಫೈಬರ್ ಕವರ್ ನಡೆಯುತ್ತದೆ, ಅದರ ಅಲೆ ಉದ್ದ.

ಮಲ್ಪೆ ಬಂದರು:

ಆ ಪೆಟ್ಟಿಗೆಯನ್ನು ಟಾಪಿನ ಎಸಿ ಪಕ್ಕದಲ್ಲಿ ಇಡಬೇಡಿ ಮಾರಾಯ್ರೆ. ಎಸಿ ಎತ್ತರ ಉಂಟು, ಒಂದು ಕಡೆಯ ಆಕಾಶ ಮುಚ್ಚಿಹೋಗ್ತದೆ. ವೈರ್ ಇಳಿಸುವ ತೂತಿಗೆ ರಬ್ಬರ್ ಗ್ರಾಮೆಟ್ ಹಾಕಿ, ಮೇಲೆ ಸಿಲಿಕೋನ್. ನಮ್ಮಲ್ಲಿ ಉಪ್ಪುನೀರಿಗೆ ಮೊದಲು ಸಾಯುವುದು ಆಂಟೆನಾ ಅಲ್ಲ, ಕನೆಕ್ಟರು.

ವ್ಯಾನ್‌ಬಾಡಿ ಶಿವಮೊಗ್ಗ:

ಇದು ನನಗೆ ಅರ್ಥ ಆಗುವ ಭಾಷೆ. ಸ್ಟ್ಯಾಂಡು, ಕೇಬಲ್ ಇಡೋಕೆ ಹಿಂದಿನ ಬಾಗಿಲ ಕೆಳಗೆ ಒಂದು ಡಿಕ್ಕಿ ಮಾಡಿಕೊಡ್ತೀನಿ. ಗಾಡಿಯ 12 ವೋಲ್ಟ್ ಬ್ಯಾಟರಿಯಿಂದ ಮೈದಾನದ ತನಕ ಕರೆಂಟ್ ಎಳೆಯಬೇಕಲ್ಲ, 20 ಮೀಟರಿಗೆ ಒಂದೂವರೆ ಸ್ಕ್ವೇರ್ (1.5 ಚದರ ಮಿ.ಮೀ.) ವೈರ್ ಸಾಕಾ?

ಟೆಕ್ಸಾಸ್ ಟ್ರಕ್ ಕನ್ನಡಿಗ:

ಸಾಕಾಗಲ್ಲ ಅಣ್ಣ. 40 ವ್ಯಾಟಿನ ಟರ್ಮಿನಲ್ (ಆಂಟೆನಾ ಸೆಟ್ಟು) ಅಂದರೂ 3.3 ಆಂಪ್ಸ್ ಎಳೆಯುತ್ತೆ, ಹೋಗಿ ಬರೋಕೆ 40 ಮೀಟರ್ ವೈರ್ ಆಯಿತು, ಒಂದೂವರೆ ಸ್ಕ್ವೇರಿನಲ್ಲಿ ದಾರಿಯಲ್ಲೇ ಒಂದೂವರೆ ವೋಲ್ಟ್ ಬೀಳುತ್ತೆ. ಬ್ಯಾಟರಿ ಸ್ವಲ್ಪ ಇಳಿದಿದ್ದರೆ ಟರ್ಮಿನಲ್ ಆನ್ ಆಗಿ ಆಗಿ ಆಫ್ ಆಗುತ್ತಿರುತ್ತೆ, ನೀವು ಸಿಗ್ನಲ್ ಇಲ್ಲ ಅಂದುಕೊಳ್ತೀರಿ. ನಾಲ್ಕು ಸ್ಕ್ವೇರ್ ಎಳೆಯಿರಿ. ಇಲ್ಲಾಂದ್ರೆ ಗಾಡಿ ಹತ್ತಿರವೇ ವೋಲ್ಟೇಜ್ ಏರಿಸುವ ಕನ್ವರ್ಟರ್ ಹಾಕಿ 24ಕ್ಕೆ ಕಳಿಸಿ, ತಗೊಳ್ಳುವ ಟರ್ಮಿನಲ್ 24 ತಡೆಯುತ್ತಾ ಅಂತ ಮೊದಲು ನೋಡಿಕೊಂಡು. ಕ್ಲಿನಿಕ್ಕಿನ ಫ್ರಿಜ್ಜಿಗೆ ಇರುವ ಬ್ಯಾಟರಿಗೆ ಮಾತ್ರ ಇದನ್ನು ಸೇರಿಸಬೇಡಿ, ಅದರಲ್ಲಿ ಲಸಿಕೆ ಇರುತ್ತೆ.